ಅಟ್ಟದ ಟಿವಿ ಗೇಮ್, ಪೈ, ಎಫ್‌ಪಿಜಿಎ: ನಮ್ಮನೆ ಮಾರಿಯೋ ಯಾವುದರಲ್ಲಿದ್ದಾನೆ?

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅಟ್ಟದಿಂದ ಇಳಿಸಿದ ನಮ್ಮ ಹಳೇ ಟಿವಿ ಗೇಮಿನಲ್ಲಿ ಎರಡು ನಿಮಿಷ ಮಾರಿಯೋ ಆಡಿ, "ಮಾಮ, ಇದು ಕೆಟ್ಟೋಗಿದೆ, ನಿಧಾನಕ್ಕೆ ಓಡ್ತಿದೆ" ಅಂದುಬಿಟ್ಟ. ಹಿಂದಿನ ದಿನವಷ್ಟೇ ಅವನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ಅದೇ ಮಾರಿಯೋ ಆಡಿದ್ದ. ನನಗಾಗಿದ್ದು ಇದರ ಉಲ್ಟಾ. ಪೈ ಮೇಲಿನ ಮಾರಿಯೋನನ್ನು ನೋಡಿದಾಗ, ಯಾರೋ ನಾಯಿ ಬಿಟ್ಟು ಅಟ್ಟಿಸಿಕೊಂಡು ಬಂದಿದ್ದಾರೇನೋ ಅನ್ನುವಷ್ಟು ಅವಸರ ಕಂಡಿತ್ತು. ನನ್ನ ನೆನಪು ತಪ್ಪೋ, ಪೈ ತಪ್ಪೋ ಎಂದು ತಲೆ ಕೆಡಿಸಿಕೊಂಡು ಶುರುವಾದ ಕೆಲಸ ಇದು. ಮೂರು ತಿಂಗಳು ಹಿಡಿಯಿತು.

ಪಕ್ಕಪಕ್ಕ ಇಟ್ಟು ನೋಡಿದ್ದು ಮೂರನ್ನು. ಮೊದಲನೆಯದು ತೊಂಬತ್ತರ ದಶಕದಲ್ಲಿ ಅಪ್ಪ ತಂದುಕೊಟ್ಟ, ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ನಕಲು, ಅಂದರೆ ನಮ್ಮೂರಿನ ಬಾಯಲ್ಲಿ 'ಟಿವಿ ಗೇಮ್', ಜೊತೆಗೆ ರಿಪೇರಿ ಅಂಗಡಿಯಲ್ಲಿ ಸಿಕ್ಕ 14 ಇಂಚಿನ ಡಬ್ಬಾ ಟಿವಿ. ಎರಡನೆಯದು ಪೈ ಮೇಲೆ ರೆಟ್ರೋಆರ್ಕ್ ಎಮ್ಯುಲೇಟರ್, ಅಂದರೆ ಹಳೇ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಮು. ಮೂರನೆಯದು ಮಿಸ್ಟರ್ ಎಂಬ ಎಫ್‌ಪಿಜಿಎ ವ್ಯವಸ್ಥೆ; ಎಫ್‌ಪಿಜಿಎ ಅಂದರೆ ಒಳಗಿನ ಜೋಡಣೆಯನ್ನು ನಮಗೆ ಬೇಕಾದಂತೆ ಬದಲಿಸಬಹುದಾದ ಚಿಪ್ಪು.

ಟಿವಿ ಗೇಮಿನ ಕಥೆಯೇ ದೊಡ್ಡದು, ಅಲ್ಲಿಂದಲೇ ಶುರು ಮಾಡುತ್ತೇನೆ. ಮೂಲ ಅಡಾಪ್ಟರ್ ಕಳೆದುಹೋಗಿತ್ತು. ಮನೆಯಲ್ಲಿ ಬಿದ್ದಿದ್ದ ಇಂಟರ್‌ನೆಟ್ ಪೆಟ್ಟಿಗೆಯ ಅಡಾಪ್ಟರಿನ ಪಿನ್ನು ಸರಿಯಾಗಿ ಕೂತಿತು, ಹಾಕಿದೆ. ಅರ್ಧ ನಿಮಿಷಕ್ಕೆ ಸುಟ್ಟ ವಾಸನೆ. ಇಂಥ ಯಂತ್ರಗಳಿಗೆ 9 ವೋಲ್ಟು, ಪಿನ್ನಿನ ನಡುವಿನ ತುದಿ ಮೈನಸ್. ನಾನು ಹಾಕಿದ್ದು 12 ವೋಲ್ಟು, ನಡುವೆ ಪ್ಲಸ್. ಪುಣ್ಯಕ್ಕೆ ಸತ್ತದ್ದು ಒಳಬರುವ ಕರೆಂಟನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್ ಮಾತ್ರ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅದರ ಬೆಲೆ ಒಂದು ಕಾಫಿಯಷ್ಟೂ ಇಲ್ಲ. ಹೋದವನು ಊದಿಕೊಂಡಿದ್ದ ಎರಡು ಕೆಪಾಸಿಟರ್‌ಗಳಿಗೂ ಬದಲಿ ತಂದೆ. ಆ ಪಿನ್ನಿನ ಗುರುತನ್ನು ಓದದೇ ಕರೆಂಟು ಕೊಟ್ಟ ದಡ್ಡತನ ಪೂರ್ತಿ ನನ್ನದೇ.

ಬಿಚ್ಚಿದಾಗ ಒಳಗೆ ಎರಡು ದೊಡ್ಡ ನಲವತ್ತು ಕಾಲಿನ ಚಿಪ್ಪುಗಳು ಕಂಡವು: ತೈವಾನಿನ ಯುಎಂಸಿಯ 6527ಪಿ ಮತ್ತು 6538. ಇದು ಒಳ್ಳೆಯ ಸುದ್ದಿ. ಆಮೇಲಿನ ಅಗ್ಗದ ಪೆಟ್ಟಿಗೆಗಳಲ್ಲಿ ಇಡೀ ಯಂತ್ರವೇ ಬೋರ್ಡಿನ ಮೇಲೆ ಸುರಿದ ಒಂದು ಕಪ್ಪು ಡಾಂಬರಿನಂಥ ಬೊಟ್ಟಿನೊಳಗೆ ಮುಚ್ಚಿಹೋಗಿರುತ್ತದೆ. ಕೆಟ್ಟರೆ ನಮಸ್ಕಾರ ಹಾಕಿ ಕಸಕ್ಕೆ ಹಾಕಬೇಕು, ಅಷ್ಟೆ. ನಮ್ಮದು ಎರಡು ಚಿಪ್ಪಿನದಾದ್ದರಿಂದ ಬೆಸುಗೆ ಕಡ್ಡಿ ಹಿಡಿದವನಿಗೆ ಇನ್ನೂ ಕೆಲಸವಿದೆ.

ಕ್ಯಾಸೆಟ್ಟು (ಕಾರ್ಟ್ರಿಜ್ ಅನ್ನುವ ಪದ ನಾನು ಕೇಳಿದ್ದು ಕಾಲೇಜಿಗೆ ಬಂದ ಮೇಲೆ) ಮೊದಲ ಸಲಕ್ಕೆ ಬೂದು ಬಣ್ಣದ ಪರದೆಯನ್ನಷ್ಟೇ ತೋರಿಸಿತು. ಚಿಕ್ಕಂದಿನಲ್ಲಿ ನಾವೆಲ್ಲ ಕೊಳಲು ಊದುವವರ ಹಾಗೆ ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದೆವು. ಊದಿದಾಗ ಎಂಜಲಿನ ತೇವ ತಾಗಿ ತಾಮ್ರದ ಹಲ್ಲುಗಳು ಇನ್ನಷ್ಟು ಕಪ್ಪಾಗುತ್ತವೆ. ಆಗ ಸರಿಹೋಗುತ್ತಿದ್ದುದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಈಗ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ತಿಕ್ಕಿ, ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿದ ಹತ್ತಿಯಿಂದ ಒರೆಸಿದೆ. ಮೊದಲ ಉಂಡೆ ಮಸಿಯಂತೆ ಬಂತು, ಮೂರನೆಯದು ಬೆಳ್ಳಗೆ. ಹಾಕಿದ ಕೂಡಲೇ ಮೆನು ಎದ್ದಿತು: '9999999 ಇನ್ 1'. ಲೆಕ್ಕ ಹಾಕಿದರೆ ಒಳಗಿರುವುದು ಹತ್ತು ಹನ್ನೆರಡು ಆಟ. ಉಳಿದದ್ದೆಲ್ಲ ಅದೇ ಕಾಂಟ್ರಾ, ಒಂದು ಸಾಲಿನಲ್ಲಿ ಎರಡನೇ ಸ್ಟೇಜಿನಿಂದ ಶುರು, ಇನ್ನೊಂದರಲ್ಲಿ ಐದನೆಯದರಿಂದ.

ಇನ್ನು ಆ ವೇಗದ ಜಗಳ. ನಿಂಟೆಂಡೋ ಫ್ಯಾಮಿಕಾಮ್ ಜಪಾನಿನಲ್ಲಿ 1983ರ ಜುಲೈ 15ರಂದು ಬಂತು. ಅಲ್ಲಿನ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, ಸೆಕೆಂಡಿಗೆ 60 ಚಿತ್ರ. ಆಟ ಬರೆದವರು ಎಲ್ಲವನ್ನೂ ಆ ಚಿತ್ರದ ಲೆಕ್ಕದಲ್ಲೇ ಅಳೆದರು: ಒಂದು ಚಿತ್ರಕ್ಕೆ ಮಾರಿಯೋ ಇಷ್ಟು ಹೆಜ್ಜೆ, ಹಾಡು ಇಷ್ಟು ಮುಂದೆ. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50. ಯುರೋಪಿನವರೂ ಪಾಲ್‌ನವರೇ, ಆದರೆ ಅವರಿಗೆ ನಿಂಟೆಂಡೋ ಬೇರೆ ಯಂತ್ರ ಮಾಡಿತು, ಮಾರಿಯೋನಂಥ ಆಟಗಳ ವೇಗವನ್ನೂ 50ಕ್ಕೆ ತಿದ್ದಿತು. ನಮಗೆ ತಿದ್ದಿಕೊಡುವವರು ಯಾರಿದ್ದರು? ಜಪಾನು, ಅಮೆರಿಕದ ಆಟವನ್ನೇ ನಕಲು ಮಾಡಿದ ಕ್ಯಾಸೆಟ್ಟು, ಅದನ್ನು 50ರಲ್ಲಿ ಓಡಿಸುವ ನಕಲಿ ಯಂತ್ರ. ಆಟ ಆರರಲ್ಲಿ ಒಂದು ಪಾಲು ನಿಧಾನ.

ಆದರೂ ಆ ಯುಎಂಸಿ ಚಿಪ್ಪು ಮಾಡಿದವರ ಜಾಣತನಕ್ಕೆ ಶಹಬ್ಬಾಸ್ ಅನ್ನಲೇಬೇಕು. ಯುರೋಪಿನ ಅಧಿಕೃತ ಯಂತ್ರದಲ್ಲಿ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಅಲ್ಲಿ ಜಪಾನಿನ ಆಟ ಹಾಕಿದರೆ ಕೆಲವದರ ಪರದೆ ನಡುವೆ ಒಡೆದು ನಡುಗುತ್ತದೆ. ಇವರು ಅದನ್ನು 1.77ರಲ್ಲಿ ಇಟ್ಟರು, ಮೂಲ 1.79ಕ್ಕೆ ಕೂದಲೆಳೆಯಷ್ಟು ಕಡಿಮೆ. ಪಾಲ್ ಚಿತ್ರದಲ್ಲಿ ಹೆಚ್ಚಿಗೆ ಬರುವ 50 ಗೆರೆಗಳನ್ನು ಚಿತ್ರ ಮುಗಿದ ಮೇಲೆ ಸುಮ್ಮನೆ ಕಾಯುವುದರಲ್ಲಿ ಕಳೆದರು, ಆಮೇಲಷ್ಟೇ ಆಟಕ್ಕೆ 'ಈಗ ನಿನ್ನ ಸರದಿ' ಎಂಬ ಸೂಚನೆ. ಹೀಗಾಗಿ ಆಟಕ್ಕೆ ತಾನು ಬೇರೆ ದೇಶದಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ರಷ್ಯಾದಲ್ಲಿ 1992ರಿಂದ ಡೆಂಡಿ ಎಂಬ ಹೆಸರಲ್ಲಿ ಮಾರಿದ ಯಂತ್ರವೂ ಇದೇ ಜಾತಿ. ಹಾಗಾಗಿ ಎಮ್ಯುಲೇಟರ್ ಬರೆಯುವವರು ಈ ವಿಧಾನಕ್ಕೆ 'ಡೆಂಡಿ' ಅಂತಲೇ ಹೆಸರಿಟ್ಟಿದ್ದಾರೆ. ದಾವಣಗೆರೆಯ ನಮ್ಮ ಬಾಲ್ಯ ಎಮ್ಯುಲೇಟರಿನ ಮೆನುವಿನಲ್ಲಿ ರಷ್ಯಾದ ಹೆಸರಿನ ಕೆಳಗೆ ಅಡಗಿ ಕೂತಿದೆ.

ಗಡಿಯಾರ ಹಿಡಿದು ನೋಡಿದೆ. ಮಾರಿಯೋ ಮೊದಲ ಸ್ಟೇಜಿನ ಸಮಯ 400ರಿಂದ ಇಳಿಯುತ್ತದೆ, 24 ಚಿತ್ರಕ್ಕೆ ಒಂದರಂತೆ. ಪೈ ಮೇಲೆ ಏನೂ ಮುಟ್ಟದೆ ನಿಲ್ಲಿಸಿದರೆ 2 ನಿಮಿಷ 40 ಸೆಕೆಂಡಿಗೆ ಮಾರಿಯೋ ಸತ್ತ. ಟಿವಿ ಗೇಮಿನಲ್ಲಿ 3 ನಿಮಿಷ 12 ಸೆಕೆಂಡು. ಅಕ್ಕನ ಮಗನ ಕಣ್ಣೂ ಸರಿ, ನನ್ನ ನೆನಪೂ ಸರಿ.

ಪೈ ಬಗ್ಗೆ ನನಗೆ ಅಂಥ ಭಕ್ತಿಯೇನಿರಲಿಲ್ಲ, ಆದರೆ ಅದು ಹೇಳಿದ ಮಾತು ಕೇಳುತ್ತದೆ. ರೆಟ್ರೋಆರ್ಕಿನಲ್ಲಿ ಫ್ಯಾಮಿಕಾಮ್ ಆಟ ಓಡಿಸುವ ಎಫ್‌ಸಿಇಯುಎಂಎಂ ಎಂಬ ಕೋರಿನಲ್ಲಿ (ಅದರ ಒಳಗಿನ ಎಮ್ಯುಲೇಟರ್ ತುಂಡು) ರೀಜನ್ ಅನ್ನು ಡೆಂಡಿಗೆ ಬದಲಿಸಿದೆ. ವೇಗ ಸರಿಯಾಯಿತು, ಆದರೆ ಮಾರಿಯೋ ಓಡುವಾಗ ಹಿನ್ನೆಲೆ ಕುಂಟತೊಡಗಿತು, ಹಳೇ ಬಸ್ಸಿನ ಗೇರು ಬದಲಿಸುವಾಗಿನ ಎಳೆತದ ಹಾಗೆ. ಪೈ ಟಿವಿಗೆ ಇನ್ನೂ 60ರಲ್ಲೇ ಚಿತ್ರ ಕಳಿಸುತ್ತಿತ್ತು, 50 ಚಿತ್ರವನ್ನು 60 ಜಾಗಕ್ಕೆ ತುರುಕಿದರೆ ಅಲ್ಲಲ್ಲಿ ಒಂದು ಎರಡೆರಡು ಸಲ ಬರಲೇಬೇಕಲ್ಲ. ಎಚ್‌ಡಿಎಂಐ ಔಟ್‌ಪುಟ್ಟನ್ನೂ 50 ಹರ್ಟ್ಸ್‌ಗೆ ಇಳಿಸಿದ ಮೇಲೆ ನೀರು ಹರಿದ ಹಾಗೆ ಸಾಗಿತು. ಇದನ್ನು ಮಾಡದೆ 'ಎಮ್ಯುಲೇಟರ್ ಚೆನ್ನಾಗಿಲ್ಲ' ಎಂದು ಬಿಟ್ಟವರು ನನ್ನ ಬಳಗದಲ್ಲೇ ಇಬ್ಬರಿದ್ದಾರೆ.

ಇಷ್ಟಾದರೂ ಹಾಡು ಮಾತ್ರ ಏನೋ ಬೇರೆ. ರಾಗ ಅದೇ, ತಾಳ ಅದೇ, ಕಂಠ ಬೇರೆ. ಹುಡುಕಿದಾಗ ಸಿಕ್ಕಿದ್ದು ಇಡೀ ಕೆಲಸದಲ್ಲೇ ನನಗೆ ಅತಿ ಖುಷಿ ಕೊಟ್ಟ ಸಂಗತಿ. ಫ್ಯಾಮಿಕಾಮ್‌ನ ಎರಡು ಮುಖ್ಯ ಸ್ವರಗಳು ಚೌಕ ಅಲೆಗಳು. ಅಲೆ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದರ ಮೇಲೆ ದನಿ ತೆಳುವಾಗುತ್ತದೆ ಅಥವಾ ದುಂಡಗಾಗುತ್ತದೆ. ನಮ್ಮ 6527ಪಿ ಚಿಪ್ಪಿನಲ್ಲಿ ನಕಲು ಮಾಡಿದವರು ಶೇ. 25 ಮತ್ತು ಶೇ. 50ರ ಜಾಗವನ್ನು ಅದಲು ಬದಲು ಮಾಡಿಬಿಟ್ಟಿದ್ದಾರೆ. ಮೂಲದಲ್ಲಿ ಕೊಳವೆಯೊಳಗಿಂದ ಬಂದಂತಿರುವ ದುಂಡು ದನಿ ನಮ್ಮಲ್ಲಿ ಮೂಗಿನಿಂದ ಬಂದಿತು, ಮೂಗಿನದು ದುಂಡಗಾಯಿತು. ಅದೇ ಕೋರಿನಲ್ಲಿ 'ಸ್ವಾಪ್ ಡ್ಯೂಟಿ ಸೈಕಲ್ಸ್' ಎಂಬ ಆಯ್ಕೆ ಇದೆ, ಇಂಥ ಹಳೇ ನಕಲಿ ಯಂತ್ರಗಳಿಗೆಂದೇ ಇಟ್ಟದ್ದು.

ನನ್ನ ಕಿವಿಯನ್ನು ನಾನು ನಂಬಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಹಬ್ಬಕ್ಕೆ ಒಬ್ಬಟ್ಟು ತಟ್ಟುತ್ತಿದ್ದಳು. ಎರಡನೇ ಜಾಯ್‌ಸ್ಟಿಕ್ಕು ಯಾವಾಗಲೂ ಅವಳದೇ ಆಗಿತ್ತು. ಅವಳಿಗೆ ಹೇಳದೆ ಮಾರಿಯೋ ನೀರೊಳಗಿನ ಸ್ಟೇಜಿನ ಹಾಡನ್ನು ಪೈನಲ್ಲಿ ಮೊದಲು ಮೂಲದ ಹಾಗೆ, ಆಮೇಲೆ ಡೆಂಡಿ ಮತ್ತು ಅದಲು ಬದಲಿನೊಂದಿಗೆ ಹಾಕಿದೆ. ಮೊದಲನೆಯದಕ್ಕೆ ಮಾತಿಲ್ಲ. ಎರಡನೆಯದು ಶುರುವಾಗಿ ಹತ್ತು ಸೆಕೆಂಡಿಗೆ, "ಏನೋ, ಅಟ್ಟದ್ದನ್ನ ಮತ್ತೆ ಹಾಕ್ದ್ಯಾ? ಆ ಸುಟ್ಟ ವಾಸ್ನೆ ಬಂದ್ರೆ ಆಫ್ ಮಾಡು ಮೊದ್ಲು" ಅಂದಳು. ಅಟ್ಟದ್ದು ಆಗ ಡಬ್ಬದಲ್ಲೇ ಇತ್ತು.

ಮಿಸ್ಟರ್ ವಿಷಯಕ್ಕೆ ಬಂದರೆ, ಮಾತು ಕಡಿಮೆ, ಖರ್ಚು ಜಾಸ್ತಿ. ಟೆರಾಸಿಕ್‌ನ ಡಿಇ10-ನ್ಯಾನೋ ಎಂಬ ಬೋರ್ಡು, ಅದರ ಮೇಲೊಂದು ಮೆಮೊರಿ ಬೋರ್ಡು, ಹೊರಗಿನಿಂದ ತರಿಸಿದ ಸುಂಕ, ಎಲ್ಲ ಸೇರಿ ಒಂದು ಒಳ್ಳೆಯ ಮೊಬೈಲಿನ ಬೆಲೆ ಆಯಿತು. ಎಮ್ಯುಲೇಟರ್ ಹಳೆಯ ಚಿಪ್ಪು ಮಾಡುತ್ತಿದ್ದುದನ್ನು ಪ್ರೋಗ್ರಾಮಿನಲ್ಲಿ ಒಂದಾದ ಮೇಲೊಂದರಂತೆ ಅಭಿನಯಿಸುತ್ತದೆ. ಎಫ್‌ಪಿಜಿಎಯಲ್ಲಿ ತರ್ಕದ ತುಂಡುಗಳನ್ನೇ ಆ ಚಿಪ್ಪಿನ ಹಾಗೆ ಜೋಡಿಸುವುದರಿಂದ ಎಲ್ಲವೂ ಒಟ್ಟಿಗೇ ನಡೆಯುತ್ತದೆ. ಇದರ ಲಾಭ ಕಾಣುವುದು ಬಟನ್ ಒತ್ತಿದಾಗ. ಡೆಂಡಿ ಇದರಲ್ಲೂ ಇದೆ.

ಮೊಬೈಲಿನ 240 ಚಿತ್ರದ ಸ್ಲೋ ಮೋಷನ್ನಿನಲ್ಲಿ ಹೆಬ್ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಹಿಡಿದು, ಬಟನ್ ಒತ್ತಿದಲ್ಲಿಂದ ಮಾರಿಯೋ ನೆಲ ಬಿಡುವವರೆಗೆ ಎಣಿಸಿದೆ, ಒಂದೊಂದಕ್ಕೂ ಇಪ್ಪತ್ತು ಸಲ. ಟಿವಿ ಗೇಮ್ ಮತ್ತು ಡಬ್ಬಾ ಟಿವಿಯಲ್ಲಿ ಸರಾಸರಿ 33 ಮಿಲಿಸೆಕೆಂಡು. ಪೈ ಮತ್ತು ಹಾಲಿನ ದೊಡ್ಡ ಟಿವಿಯಲ್ಲಿ 129. ಚಿತ್ರವನ್ನು ತಿದ್ದುತ್ತ ಕೂರದೆ ಬೇಗ ತೋರಿಸುವ ಟಿವಿಯ ಗೇಮ್ ಮೋಡ್ ಹಾಕಿದಾಗ 83ಕ್ಕೆ ಇಳಿಯಿತು, ಮುಂದಿನ ಚಿತ್ರವನ್ನು ಮೊದಲೇ ಲೆಕ್ಕ ಹಾಕಿಡುವ ರೆಟ್ರೋಆರ್ಕಿನ ರನ್-ಅಹೆಡ್ ಒಂದು ಚಿತ್ರಕ್ಕೆ ಇಟ್ಟಾಗ 63. ಅದೇ ಟಿವಿ, ಅದೇ ಗೇಮ್ ಮೋಡಿನಲ್ಲಿ ಮಿಸ್ಟರ್ 54. ಅಂದರೆ ಪೈಗೂ ಮಿಸ್ಟರಿಗೂ ಉಳಿದ ಅಂತರ 9 ಮಿಲಿಸೆಕೆಂಡು. ನನ್ನ ಹೆಬ್ಬೆರಳಿಗೆ ಅದು ತಿಳಿಯುವುದಿಲ್ಲ, ಅಕ್ಕನ ಮಗನಿಗೆ ತಿಳಿಯುತ್ತದೆ ಅಂತಾನೆ, ಆದರೆ ಯಾವುದರಲ್ಲಿ ಆಡುತ್ತಿದ್ದೀಯ ಎಂದು ಮುಚ್ಚಿಟ್ಟು ಕೇಳಿದಾಗ ಐದಕ್ಕೆ ಮೂರು ಸಲ ತಪ್ಪು ಹೇಳಿದ. ಅದೇ ಹಣದಲ್ಲಿ ಟಿವಿಯ ರಿಮೋಟು ಹುಡುಕಿ ಗೇಮ್ ಮೋಡ್ ಹಾಕಿದ್ದರೆ... ಹಣವೇ ಬೇಕಿರಲಿಲ್ಲ. ಅಮಿಗಾ, ನಿಯೋ ಜಿಯೋ ಎಂದೆಲ್ಲ ಹತ್ತಾರು ಯಂತ್ರ ಬೇಕೆನ್ನುವವರಿಗೆ ಮಿಸ್ಟರ್ ಸರಿ. ಮಾರಿಯೋ, ಕಾಂಟ್ರಾಕ್ಕೆ ಅದು ಸೊಳ್ಳೆ ಹೊಡೆಯಲು ತೋಪು ತಂದ ಹಾಗೆ.

ಒಂದು ವಿಷಯದಲ್ಲಿ ಮಾತ್ರ ಹೊಸ ಎರಡೂ ಮಂಡಿಯೂರಿದವು: ಡಕ್ ಹಂಟ್ ಆಟದಲ್ಲಿ ಬಾತುಕೋಳಿ ಹೊಡೆಯುವ ಗನ್ನು. ಅದು ಗುಂಡು ಹಾರಿಸುವುದಿಲ್ಲ, ಬೆಳಕು ನೋಡುತ್ತದೆ. ಟ್ರಿಗರ್ ಎಳೆದ ತಕ್ಷಣ ಆಟ ಒಂದು ಚಿತ್ರದಷ್ಟು ಹೊತ್ತು ಪರದೆಯನ್ನು ಕಪ್ಪಾಗಿಸಿ, ಮುಂದಿನ ಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳೀ ಚೌಕ ತೋರಿಸುತ್ತದೆ. ಗನ್ನಿನ ಮೂತಿಯ ಸಂವೇದಕಕ್ಕೆ ಮೊದಲು ಕತ್ತಲೆ, ಆಮೇಲೆ ಬೆಳಕು ಸಿಕ್ಕರೆ ಬಾತುಕೋಳಿ ಬಿತ್ತು. ಈಗಿನ ಟಿವಿಯಲ್ಲಿ ಆ ಚೌಕ ಬರುವಷ್ಟರಲ್ಲಿ ಆಟ ಕಾಯುವುದನ್ನು ಬಿಟ್ಟು, ಗುರಿ ತಪ್ಪಿದವರನ್ನು ನೋಡಿ ನಗುವ ನಾಯಿಯನ್ನು ಕಳಿಸಿಯಾಗಿರುತ್ತದೆ. ಮೌಸು, ಬೇರೆ ಸಾಧನ ಇಟ್ಟು ಆಡುವ ದಾರಿಗಳಿವೆ, ನೋಡಿದೆ, ಕ್ಯಾರಂ ಬೋರ್ಡನ್ನು ಮೊಬೈಲಿನಲ್ಲಿ ಆಡಿದಷ್ಟೇ ಸುಖ.

ಈಗ ಪೈ ಹಾಲಿನಲ್ಲಿದೆ, ಡೆಂಡಿಯಲ್ಲಿ, ಅದಲು ಬದಲಿನ ದನಿಯಲ್ಲಿ. ಅಕ್ಕನ ಮಗ ಅದನ್ನು ಸದ್ದಿಲ್ಲದೆ 60ಕ್ಕೆ ಬದಲಿಸಿಕೊಳ್ಳುತ್ತಾನೆ, ನಾನು ಮತ್ತೆ ಇಳಿಸುತ್ತೇನೆ. ಮಿಸ್ಟರನ್ನು ಅಮಿಗಾ ಹುಚ್ಚಿನ ಗೆಳೆಯನೊಬ್ಬ ಒಯ್ದಿದ್ದಾನೆ, ವಾಪಸ್ ಕೇಳಿಲ್ಲ. ಟಿವಿ ಗೇಮ್ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಡಬ್ಬಾ ಟಿವಿಯ ಪಕ್ಕ, ನನ್ನ ಮೇಜಿನ ಮೇಲೆ ಕೂತಿದೆ, ಅಡಾಪ್ಟರಿನ ಮೇಲೆ ಬಿಳೀ ಟೇಪಿನಲ್ಲಿ ಅಕ್ಕ ಬರೆದದ್ದು: '9 ವೋಲ್ಟು. ಬೇರೆ ಹಾಕಬೇಡ.' ಭಾನುವಾರ ಸಂಜೆ ಗನ್ನಿನ ಸರದಿ. ಕಳೆದ ವಾರ ಅವಳು 23 ಬಾತುಕೋಳಿ ಹೊಡೆದಳು, ನಾನು 17.