ಐದು ಹೊತ್ತಿನ ಗುಳಿಗೆ, ನಾಲ್ಕು ಖಾನೆಯ ಡಬ್ಬಿ

ವಿಜಯಪುರದ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆ ಡಬ್ಬಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ದಿನಕ್ಕೊಂದರಂತೆ ಏಳು ಖಾನೆ ಇರುವಂಥದ್ದು. ಬಿಪಿ ಗುಳಿಗೆಗೆ ಅದು ಸಾಕು, ಕೈ ನಡುಗಿಸಿ ಮೈ ಬಿಗಿಸುವ ನರರೋಗವಾದ ಪಾರ್ಕಿನ್ಸನ್‌ಗೆ ಸಾಲದು. ಇಲ್ಲಿ ಹೇಳುತ್ತಿರುವುದು 28 ಖಾನೆಯ ಡಬ್ಬಿಯ ಬಗ್ಗೆ. ಏಳು ಪಟ್ಟಿ, ಪಟ್ಟಿಗೆ ನಾಲ್ಕು ಖಾನೆ. ಆ ದಿನದ ಪಟ್ಟಿಯನ್ನಷ್ಟೇ ಕಳಚಿ ಕಿಸೆಗೆ ಹಾಕಿಕೊಳ್ಳಬಹುದು. ಐವತ್ತು ತುಂಬುವ ಮೊದಲೇ ರೋಗ ಬಂದು, ನೌಕರಿ, ಅಂಗಡಿ, ಹೊಲ ಎಂದು ದಿನವಿಡೀ ಹೊರಗಿರುವವರಿಗೆ ಕೊಂಡ ಹಣ ಇದೊಂದರಿಂದಲೇ ಸಾರ್ಥಕ.

ಪಾರ್ಕಿನ್ಸನ್‌ನ ಮುಖ್ಯ ಔಷಧ ಲೆವೊಡೋಪಾ. ಅದು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ತಾಸು ಸಾಕು. ಚಿಕ್ಕ ವಯಸ್ಸಿನಲ್ಲಿ ರೋಗ ಬಂದವರಿಗೆ ಗುಳಿಗೆಯ ಬಲದಲ್ಲಿ ಮೈ ತಾನಾಗಿ ಹೊಯ್ದಾಡುವ ತೊಂದರೆ ಬೇಗ ಶುರುವಾಗುತ್ತದೆ. ಅದಕ್ಕೇ ವೈದ್ಯರು ಪ್ರಮಾಣ ಸಣ್ಣದು ಮಾಡಿ ನಾಲ್ಕೈದು ಹೊತ್ತಿಗೆ ಹಂಚುತ್ತಾರೆ. ಒಂದು ಹೊತ್ತು ತಡವಾದರೂ ಕೈ ಬಿಗಿಯಬಹುದು, ಕಾಲ್ಬೆರಳು ಮುರುಟಬಹುದು.

ಡಬ್ಬಿಯ ದೊಡ್ಡ ದೋಷ ಮುಚ್ಚಳ. ಅದನ್ನು ತೆಗೆಯಬೇಕಾದದ್ದು ಹಿಂದಿನ ಗುಳಿಗೆಯ ಬಲ ಇಳಿದಾಗ, ಅಂದರೆ ಕೈ ಅತಿ ಕಡಿಮೆ ಮಾತು ಕೇಳುವಾಗ. ಉಗುರು ಸಿಕ್ಕಿಸಿ ಎತ್ತುವ ಮುಚ್ಚಳ ಬೇಡವೇ ಬೇಡ. ಒತ್ತುವ ಗುಂಡಿಯದೇ ಇರಲಿ. ಕೊಳ್ಳುವ ಮೊದಲು, ಹೆಚ್ಚು ತ್ರಾಸು ಇರುವ ಕೈಯ ಹೆಬ್ಬೆರಳೊಂದರಿಂದಲೇ ತೆಗೆದು ನೋಡಬೇಕು. ಗುಂಡಿಯದಕ್ಕೂ ಒಂದು ಚಾಳಿ ಇದೆ: ಮುಚ್ಚಳ ಚಿಮ್ಮಿದಾಗ ಅರ್ಧ ತುಂಡು ಮಾಡಿದ ಗುಳಿಗೆ ಹಾರಿ ಬೀಳುತ್ತದೆ. ಮಡಚಿದ ಟವೆಲ್ ಮೇಲಿಟ್ಟು ತೆಗೆದರೆ ಸಿಡಿದು ದೂರ ಹೋಗುವುದಿಲ್ಲ. ಕಿಸೆಯಲ್ಲಿ ತಾನೇ ತೆರೆದುಕೊಳ್ಳುವುದೂ ಉಂಟು. ರಬ್ಬರ್ ಬ್ಯಾಂಡ್ ಸುತ್ತಿದರೆ ಅದನ್ನು ಬಿಡಿಸುವ ಕಷ್ಟ ಬೇರೆ. ಚಿಕ್ಕ ಜಿಪ್ ಚೀಲದಲ್ಲಿಟ್ಟು, ಜಿಪ್‌ಗೆ ಕೀಲಿಕೈಯ ಬಳೆ ಸಿಕ್ಕಿಸಿ. ಬೆರಳು ತೂರಿಸಿ ಎಳೆದರಾಯಿತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಡಬ್ಬಿ ಎತ್ತರದ ಕಪಾಟಿನಲ್ಲೇ ಇರಬೇಕು, ನಮಗೆ ಸುಲಭವಾದ ಮುಚ್ಚಳ ಅವರಿಗೂ ಸುಲಭ.

ಖಾನೆಯ ಮೇಲಿನ ಇಂಗ್ಲಿಷ್ ಅಕ್ಷರದ ಮೇಲೆ ಕಾಗದದ ಟೇಪ್ ಅಂಟಿಸಿ ಗಂಟೆ ಬರೆಯಿರಿ: 10, 1, 4, 8, ಅಥವಾ ನಿಮ್ಮ ವೈದ್ಯರು ಹೇಳಿದ ಹೊತ್ತು. ಏಳುವ ಮೊದಲಿನ ಐದನೆಯ ಹೊತ್ತಿನದಕ್ಕೆ ಬೇರೆ ಪುಟ್ಟ ಡಬ್ಬಿ, ಹಾಸಿಗೆಯಿಂದ ಕೈಗೆಟುಕುವಲ್ಲಿ, ಪಕ್ಕದಲ್ಲೇ ನೀರು.

ಇದರಲ್ಲಿ ಅಲಾರಂ ಇಲ್ಲ, ಮೊಬೈಲ್ ನಡುಗುವಂತೆ ಇಟ್ಟುಕೊಳ್ಳಬೇಕು. ಅದು ಬಡಿಯಬೇಕಾದದ್ದು ಬುತ್ತಿ ಬಿಚ್ಚುವ ಅರ್ಧ ತಾಸು ಮೊದಲು. ನಮ್ಮ ಕಡೆಯ ಊಟದಲ್ಲಿ ರೊಟ್ಟಿಯ ಜತೆಗೆ ಕಾಳು ಪಲ್ಯ, ಝುಣಕ, ಶೇಂಗಾ ಹಿಂಡಿ, ಮೊಸರು ಎಲ್ಲ ಪ್ರೋಟೀನ್‌ನವೇ. ಸಣ್ಣ ಕರುಳಿನಲ್ಲಿ ಲೆವೊಡೋಪಾ ಮತ್ತು ಪ್ರೋಟೀನ್‌ನ ಅಂಶ ಒಂದೇ ದಾರಿಯಲ್ಲಿ ಒಳಹೋಗುವುದರಿಂದ ಜತೆಗೆ ತಿಂದರೆ ಗುಳಿಗೆ ಹಿಂದೆ ಬೀಳುತ್ತದೆ. ಕಾಳು ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಬರೀ ಹೊಟ್ಟೆಯಲ್ಲಿ ಓಕರಿಕೆ ಬಂದರೆ ಒಂದು ಮುಷ್ಟಿ ಚುರುಮುರಿ ತಿನ್ನಬಹುದು. ಕಬ್ಬಿಣದ ಗುಳಿಗೆ ತಗೊಳ್ಳುತ್ತಿರುವ ಹೆಣ್ಣುಮಕ್ಕಳು ಅದನ್ನು ಇದೇ ಖಾನೆಗೆ ಹಾಕಬಾರದು. ಎರಡರ ನಡುವೆ ಎರಡು ತಾಸಾದರೂ ಅಂತರ ಬೇಕು.

ಪಾರದರ್ಶಕ ಪ್ಲಾಸ್ಟಿಕ್ ಇನ್ನೊಂದು ಕೊರತೆ. ಬೆಳಕು, ಸೆಕೆ, ತೇವ ಮೂರೂ ಗುಳಿಗೆಗೆ ಆಗದವು, ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿಯಲ್ಲಿ ಇಡಲೇಬೇಡಿ. ಒಂದೇ ವಾರದ್ದು ತುಂಬಿ, ಉಳಿದದ್ದು ಅಂಗಡಿಯಿಂದ ಬಂದ ಸ್ಟ್ರಿಪ್‌ನಲ್ಲೇ ಇರಲಿ. ನಿಧಾನವಾಗಿ ಕರಗುವ ಸಿಆರ್ ಗುಳಿಗೆಯನ್ನು ಪುಡಿ ಮಾಡಬಾರದು, ಅಗಿಯಬಾರದು.

ಚೀಲದೊಳಗೆ ಒಂದು ಚೀಟಿ ಇಡಿ: ‘ಪಾರ್ಕಿನ್ಸನ್ ಇದೆ. ವಾಂತಿಗೆ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್ ಕೊಡಬೇಡಿ.’ ಇವು ಮೆದುಳಿನಲ್ಲಿ ಚಲನೆಗೆ ಬೇಕಾದ ರಾಸಾಯನಿಕ ಡೋಪಮೈನ್‌ನ ದಾರಿ ತಡೆದು ಬಿಗಿತ ಹೆಚ್ಚಿಸುತ್ತವೆ, ವಾಂತಿಗೆ ಬರೆದುಕೊಡುವ ಔಷಧಗಳಲ್ಲಿ ಇವೂ ಇರುತ್ತವೆ. ಅದರ ಕೆಳಗೆ ‘ಗುಳಿಗೆ ಒಮ್ಮೆಲೇ ನಿಲ್ಲಿಸಬೇಡಿ’ ಎಂದೂ ಇರಲಿ. ಹಾಗೆ ನಿಲ್ಲಿಸಿದರೆ ತೀವ್ರ ಜ್ವರ, ಮೈ ಸೆಟೆತ ಬಂದು ಜೀವಕ್ಕೇ ಅಪಾಯವಾಗಬಹುದು.

ಡಬ್ಬಿ ತುಂಬುವ ಕೆಲಸ ರವಿವಾರ ಮನೆಯ ಇನ್ನೊಬ್ಬರು ಮಾಡಿದರೆ ಒಳಿತು. ಯಾವ ಖಾನೆ ಹಾಗೇ ಉಳಿಯಿತು ಎಂದು ಅವರೇ ಬರೆದಿಟ್ಟರೆ, ಬೆಳಗಾವಿಗೋ ಹುಬ್ಬಳ್ಳಿಗೋ ನರರೋಗ ತಜ್ಞರ ಬಳಿ ಹೋದಾಗ ಆ ಹಾಳೆ ನೋಡಿಯೇ ಹೊತ್ತು ಬದಲಿಸಬಹುದು.

ಐದಕ್ಕೆ ಮೂರೂವರೆ. ಕಳೆದ ಅಂಕವೆಲ್ಲ ಮುಚ್ಚಳಕ್ಕೆ ಮತ್ತು ಪ್ಲಾಸ್ಟಿಕ್‌ಗೆ. ದಿನಕ್ಕೆ ಆರು ಹೊತ್ತು ಇರುವವರು ಇದನ್ನು ಕೊಳ್ಳಬೇಡಿ.