ದುಡ್ಡು ಕೊಟ್ಟು ಪುಸ್ತಕ ಮಾಡಿಸೋಕೆ ಹೊರಟಿದ್ದರೆ ಅಡ್ವಾನ್ಸ್ ಹಾಕೋ ಮುಂಚೆ ಇದನ್ನು ಓದಿ

ಪುಸ್ತಕ ಮಾಡಿಕೊಡ್ತೀವಿ ಅಂತ ಫೋನ್ ಮಾಡುವವರ ಹತ್ತಿರ ಮಾತುಕತೆಯಲ್ಲಿರುವವರು ದಯವಿಟ್ಟು ಇವತ್ತು ದುಡ್ಡು ಹಾಕಬೇಡಿ. ಹಾಕಲೇಬೇಕು ಅಂದ್ರೆ ಇದನ್ನು ಓದಿ ನಾಳೆ ಹಾಕಿ. ನನ್ನ ಪುಸ್ತಕ ಮಾಡಿಕೊಟ್ಟವರ ಹೆಸರು ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯೋವರೆಗೂ ಬೇಡ ಅಂತ ವಕೀಲರು ಹೇಳಿದ್ದಾರೆ. ಹೆಸರು ಗೊತ್ತಾದರೂ ನಿಮಗೆ ಉಪಯೋಗವಿಲ್ಲ, ನಾಳೆ ಬೇರೆ ಹೆಸರಲ್ಲಿ ಬರುತ್ತಾರೆ. ಅವರ ವರಸೆ ಮಾತ್ರ ಗುರುತಿಟ್ಟುಕೊಳ್ಳಿ.

1990ರ ದಶಕದಲ್ಲಿ ಮೈಸೂರಲ್ಲಿ ಡಿಗ್ರಿ ಓದುವಾಗ ನಾನು ದೂರದ ಓಟ ಓಡುತ್ತಿದ್ದೆ. ಓವಲ್ ಮೈದಾನ, ಕುಕ್ಕರಹಳ್ಳಿ ಕೆರೆ ಏರಿ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಆ ದಿನಗಳದ್ದು ಒಂದೊಂದೇ ಬರೆದು ನಮ್ಮ ಹಳೆ ಓಟಗಾರ್ತಿಯರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಸುಣ್ಣದ ಪುಡಿಯಲ್ಲಿ ಎಳೆದ ಟ್ರ್ಯಾಕ್ ಮಳೆಗೆ ಅಳಿಸಿಹೋಗಿ ಅಂದಾಜಿನ ಮೇಲೆ ಓಡಿದ್ದು, ಸೀನಿಯರ್ ಒಬ್ಬಳ ದೊಡ್ಡ ಸ್ಪೈಕ್ಸ್‌ಗೆ (ಅಡಿಯಲ್ಲಿ ಮೊಳೆ ಇರೋ ಓಟದ ಶೂ) ಹತ್ತಿ ತುರುಕಿ ಹಾಕಿಕೊಂಡಿದ್ದು, ಬೆಳಿಗ್ಗೆ ಐದಕ್ಕೆ ಹಾಸ್ಟೆಲ್ ಗೇಟ್ ತೆಗೆಯಲ್ಲ ಅಂತ ವಾರ್ಡನ್ ಹಟ ಹಿಡಿದಿದ್ದು, ಇಂಥವೇ. ಗುಂಪಿನವರು ಓದಿ ನಗುತ್ತಿದ್ದರು, ತಪ್ಪಿದ್ದರೆ ತಿದ್ದುತ್ತಿದ್ದರು. ಯಾರೋ ಅದನ್ನು ಇನ್ನೆಲ್ಲಿಗೋ ಕಳಿಸಿದ್ದಾರೆ. ಅಲ್ಲಿಂದ ಬಂತು ಫೋನು.

"ಮೇಡಂ, ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕನ್ನಡದಲ್ಲಿ ಹೆಣ್ಣುಮಕ್ಕಳ ಓಟದ ಬಗ್ಗೆ ಇಂಥ ಪುಸ್ತಕ ಬಂದೇ ಇಲ್ಲ. ಇದು ನಿಮ್ಮ ಸ್ವಂತದ್ದಲ್ಲ ಮೇಡಂ, ನಾಡಿನ ಆಸ್ತಿ."

ನಾಡಿನ ಆಸ್ತಿಯಂತೆ! ಆಸ್ತಿ ಬರೆಸಿಕೊಳ್ಳೋ ಯೋಚನೆ ಮೊದಲ ಫೋನಿನಲ್ಲೇ ಇತ್ತು, ಅದಕ್ಕೆ ಆಮೇಲೆ ಬರ್ತೀನಿ.

ಕಲ್ಯಾಣಮಂಟಪದವರು ಊಟದ ಪ್ಯಾಕೇಜ್ ಹೇಳೋ ಹಾಗೆ ಮೂರು ಪ್ಯಾಕೇಜ್ ಹೇಳಿದರು. ನಡುವಿನದು 58,000 ರೂಪಾಯಿ. ಡೆಮಿ 1/8 ಆಕಾರ, 500 ಪ್ರತಿ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸೋದು), ಎರಡು ಸಲ ಪ್ರೂಫ್ (ಅಚ್ಚಿಗೆ ಮುಂಚೆ ತಿದ್ದೋಕೆ ಕೊಡೋ ಪ್ರತಿ), ಕಲಾವಿದರಿಂದ ಮುಖಪುಟ, ಹಿರಿಯ ಸಾಹಿತಿಗಳಿಂದ ಮುನ್ನುಡಿ, ಬಿಡುಗಡೆ ಸಮಾರಂಭ. ಇದರಲ್ಲಿ "ಐಎಸ್‌ಬಿಎನ್ ನೋಂದಣಿ ಶುಲ್ಕ" ಅಂತಲೇ 6,500, ಅಂದರೆ ಪುಸ್ತಕದ ಮೇಲೆ ಅಚ್ಚಾಗೋ 13 ಅಂಕಿಯ ಗುರುತಿನ ಸಂಖ್ಯೆಗೆ. ಮತ್ತೆ ಕೊನೆಗೆ, ಎಲ್ಲರನ್ನೂ ಬೀಳಿಸೋ ಮಾತು: "300 ಪ್ರತಿ ಲೈಬ್ರರಿ ಸಗಟು ಖರೀದಿಗೆ ಹೋಗುತ್ತೆ ಮೇಡಂ, ನಮ್ಮವರು ಇದ್ದಾರೆ. ನಿಮ್ಮ ದುಡ್ಡು ಹಂಗೇ ವಾಪಸ್."

ಸಗಟು ಖರೀದಿ ಸುಳ್ಳಲ್ಲ. ಗ್ರಂಥಾಲಯ ಇಲಾಖೆ ಕನ್ನಡ ಪುಸ್ತಕ ಕೊಳ್ಳುತ್ತದೆ, ಪುಟದ ಲೆಕ್ಕದಲ್ಲಿ ದರ ಕೊಡುತ್ತದೆ. ಆದರೆ ಅದಕ್ಕೆ ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ನೋಡಬೇಕು, ಆಯ್ಕೆಯಾದರೂ ದುಡ್ಡು ಬರೋದಕ್ಕೆ ವರ್ಷಗಟ್ಟಲೆ ಕಾದ ಪ್ರಕಾಶಕರು ಎಷ್ಟೋ ಜನ. ಇನ್ನೂ ಅಚ್ಚಾಗದ ಪುಸ್ತಕಕ್ಕೆ "ಹೋಗುತ್ತೆ" ಅಂತ ಮಾತು ಕೊಡೋಕೆ ಯಾರಿಂದಲೂ ಆಗಲ್ಲ. ಇವರು ಕೊಟ್ಟರು.

ಅರ್ಧ ದುಡ್ಡು ಹಾಕುವವರೆಗೆ ದಿನಕ್ಕೆ ಎರಡು ಫೋನು. ಹಾಕಿದ ಮೇಲೆ ನಾನೇ ಮಾಡಬೇಕು. "ಡಿಟಿಪಿಯವರ ಮನೇಲಿ ಸೂತಕ ಮೇಡಂ." "ಫೈಲ್ ಪ್ರೆಸ್‌ಗೆ ಹೋಗಿದೆ ಮೇಡಂ." ಪ್ರೂಫೇ ಕೊಡದೆ ಪ್ರೆಸ್‌ಗೆ ಏನು ಹೋಯ್ತು ಅಂದರೆ, "ಅದು ಬೇರೆ ಫೈಲ್."

ಕೊನೆಗೆ ಪ್ರೂಫ್ ಬಂತು, 144 ಪುಟ. ನನ್ನ ಬರಹ ಅಷ್ಟಿಲ್ಲ! ಅಕ್ಷರ ದಪ್ಪ ಮಾಡಿ, ಸಾಲಿನ ನಡುವೆ ಜಾಗ ಬಿಟ್ಟು, ಪ್ರತಿ ಅಧ್ಯಾಯದ ಹಿಂದೆ ಒಂದು ಖಾಲಿ ಪುಟ ಇಟ್ಟು ಒಂಬತ್ತು ಫಾರಂ (ಹದಿನಾರು ಪುಟಕ್ಕೊಂದು ಅಚ್ಚಿನ ಹಾಳೆ) ತುಂಬಿಸಿದ್ದರು. ಡಿಟಿಪಿ ದರ ಪುಟದ ಲೆಕ್ಕ ನೋಡಿ, ಅದಕ್ಕೆ. ಯೂನಿಕೋಡ್‌ನಲ್ಲಿ ಕೊಟ್ಟಿದ್ದನ್ನು 'ನುಡಿ' ತಂತ್ರಾಂಶದ ಅಕ್ಷರಕ್ಕೆ ತಿರುಗಿಸುವಾಗ ಒತ್ತಕ್ಷರ ಒಡೆದು, ಅರ್ಕಾವತ್ತು ಎಲ್ಲೆಲ್ಲೋ ಹಾರಿತ್ತು. ಎಲ್ಲೋ "ದು:ಖ" ಅಂತಿದ್ದದ್ದನ್ನು ಸರಿಮಾಡಲು ಹೋಗಿ ಇಡೀ ಪುಸ್ತಕದ ಎರಡು ಚುಕ್ಕೆಗಳನ್ನೆಲ್ಲ ವಿಸರ್ಗ ಮಾಡಿದ್ದರು. ಓಟದ ಟೈಮಿಂಗ್‌ಗಳೆಲ್ಲ 11ಃ20, 5ಃ12! ನಾನು ಪ್ರಿಂಟ್ ತೆಗೆಸಿ, ಪುಟಪುಟಕ್ಕೂ ಕೆಂಪು ಪೆನ್ನಿನಲ್ಲಿ ತಿದ್ದಿ, ಸ್ಕ್ಯಾನ್ ಮಾಡಿ ಕಳಿಸಿದೆ, ಕೊರಿಯರ್ ಕೂಡ ಮಾಡಿದೆ. "ಸಿಕ್ಕಿದೆ ಮೇಡಂ, ಅದ್ಭುತ ಶಿಸ್ತು ನಿಮ್ಮದು" ಅಂತ ಉತ್ತರ. ಸಿಕ್ಕಿದೆ ಅಂದ ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. ತಿದ್ದಿಲ್ಲ. ಒಂದೂ ತಿದ್ದಿಲ್ಲ. ತಿದ್ದದೇ ಇರೋದು ಹೋಗಲಿ, ಆಮೇಲೆ ಅವರೇ ಸ್ವಂತ ಬುದ್ಧಿಯಿಂದ ಬೇರೆ ತಿದ್ದಿದ್ದಾರೆ.

ಪುಸ್ತಕದ ಕಟ್ಟು ಬಂದಿದ್ದು ಬಿಡುಗಡೆಯ ದಿನ ಬೆಳಿಗ್ಗೆ, ಸೀದಾ ಸಭಾಂಗಣಕ್ಕೆ. ಇದೂ ವರಸೆಯೇ. ಅವತ್ತು ಬೆಳಿಗ್ಗೆ ಬಂದ ಪುಸ್ತಕವನ್ನು ಯಾರೂ ಕೂತು ಓದಲ್ಲ, ಓದಿದರೂ ಕಾರ್ಯಕ್ರಮ ನಿಲ್ಲಿಸಲ್ಲ. ಮುಖಪುಟದಲ್ಲಿ ಯಾವುದೋ ವಿದೇಶದ ಗಂಡಸು ಸ್ಟಾರ್ಟಿಂಗ್ ಬ್ಲಾಕ್‌ಗೆ ಕಾಲು ಕೊಟ್ಟು ಬಗ್ಗಿ ಕೂತಿದ್ದಾನೆ. ಬ್ಲಾಕ್ ಇರೋದು 400 ಮೀಟರ್‌ವರೆಗಿನ ಓಟಕ್ಕೆ ರೀ! ದೂರದ ಓಟಗಾರರು ನಿಂತೇ ಹೊರಡೋದು. ನನ್ನ ಜೊತೆ ಓಡಿದವರು ಚಿಕ್ಕಮಗಳೂರಿಂದ, ಮಂಡ್ಯದಿಂದ ಬಂದಿದ್ದರು. ಎಲ್ಲರೂ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಕಷ್ಟ.

ನಮಗೆ ಓಡೋದು ಕಲಿಸಿದ ಪಿ.ಇ. ಸರ್ ಮುಂದಿನ ಸಾಲಿನಲ್ಲಿದ್ದರು. ಈಗ ವಯಸ್ಸಾಗಿದೆ, ಆದರೂ ಕನ್ನಡಕ ಹಾಕಿಕೊಂಡು ಅಲ್ಲೇ ಪುಟ ತಿರುಗಿಸುತ್ತಿದ್ದರು. ನಾನು ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿದೆ. ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು, "ಏನಮ್ಮಾ ಇದು, ಐದು ಸಾವಿರ ಮೀಟರ್ ಹನ್ನೊಂದು ಇಪ್ಪತ್ತರಲ್ಲಿ ಓಡಿದ್ಯಾ? ಸ್ಟಾಪ್‌ವಾಚ್ ಹಿಡಿದಿದ್ದು ನಾನೇ ಅಲ್ವಾ?"

ಓಟ ಗೊತ್ತಿಲ್ಲದವರಿಗೆ ಇದು ಎಂಥಾ ಮಾನ ಹೋಗೋ ವಿಷಯ ಅಂತ ಹೇಳಬೇಕು. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ 3,000 ಮೀಟರ್ ಓಟ ಇದ್ದದ್ದು 1984ರಿಂದ 1992ರವರೆಗೆ. 1996ರ ಅಟ್ಲಾಂಟಾದಿಂದ ಅದರ ಜಾಗಕ್ಕೆ 5,000 ಬಂತು. ನಾನು ಓಡಿದ್ದು ಈ ಬದಲಾವಣೆಯ ಹೊತ್ತಲ್ಲೇ, ಮೊದಲು 3,000, ಆಮೇಲೆ 5,000. ಏಳೂವರೆ ಸುತ್ತಿಗೆ ಪಳಗಿದ ಕಾಲು ಹನ್ನೆರಡೂವರೆ ಸುತ್ತಿಗೆ ಒಗ್ಗಿಕೊಳ್ಳೋಕೆ ಪಟ್ಟ ಪಾಡೇ ನನ್ನ ಬರಹದ ಒಂದು ದೊಡ್ಡ ಭಾಗ. 11:20, ಅಂದರೆ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು, ನನ್ನ 3,000 ಮೀಟರ್ ಟೈಮಿಂಗ್. ಇವರು ಪುಸ್ತಕದಲ್ಲಿ 3,000 ಅಂತ ಇದ್ದಲ್ಲೆಲ್ಲ 5,000 ಮಾಡಿದ್ದಾರೆ. ಗಂಡಸರ 5,000 ಮೀಟರ್ ವಿಶ್ವದಾಖಲೆಯೇ 12:35.36, ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ ಮೊನಾಕೊದಲ್ಲಿ ಓಡಿದ್ದು. ನನ್ನ ಪುಸ್ತಕದ ಪ್ರಕಾರ ನಾನು ಅವನಿಗಿಂತ ಒಂದು ನಿಮಿಷಕ್ಕೂ ಹೆಚ್ಚು ಮುಂಚೆ ಮುಗಿಸಿದ್ದೇನೆ, ಅದೂ ಹತ್ತಿ ತುರುಕಿದ ಸ್ಪೈಕ್ಸ್‌ನಲ್ಲಿ, ಮೈಸೂರಿನ ಮಣ್ಣಿನ ಟ್ರ್ಯಾಕಲ್ಲಿ. "ಏಳೂವರೆ ಸುತ್ತು" ಅನ್ನೋದನ್ನ ಮಾತ್ರ ಹಾಗೇ ಬಿಟ್ಟಿದ್ದಾರೆ!

ಸರ್‌ಗೆ ಏನಂತ ಹೇಳಲಿ? "ಪ್ರಿಂಟ್ ಮಿಸ್ಟೇಕ್ ಸರ್" ಅಂದೆ. ಅವರು ತಲೆಯಾಡಿಸಿ ಪುಸ್ತಕ ಮುಚ್ಚಿ ತೊಡೆ ಮೇಲಿಟ್ಟುಕೊಂಡರು. ಆಮೇಲೆ ವೇದಿಕೆಯಲ್ಲಿ ಪ್ರಕಾಶಕ ಮಹಾಶಯರು ಮೈಕ್ ಹಿಡಿದು ಆ ಸಾಲನ್ನೇ ಗಟ್ಟಿಯಾಗಿ ಓದಿ ಚಪ್ಪಾಳೆ ತಟ್ಟಿಸಿದರು. ನನ್ನ ಅತ್ತೆ, ನಾದಿನಿ, ಬ್ಯಾಂಕಿನವರು ಎಲ್ಲ ತಟ್ಟಿದರು. ಓಟಗಾರ್ತಿಯರ ಸಾಲಲ್ಲಿ ಒಂದು ಕೈಯೂ ಏಳಲಿಲ್ಲ.

ರಾತ್ರಿ ಫೋನ್ ಮಾಡಿ ಕೇಳಿದೆ. ಉತ್ತರ ಕೇಳಿ:

"ಒಂದೇ ಹುಡುಗಿ, ಒಂದು ಕಡೆ ಮೂರು ಸಾವಿರ, ಒಂದು ಕಡೆ ಐದು ಸಾವಿರ. ಓದುಗರಿಗೆ ಗೊಂದಲ ಆಗುತ್ತೆ ಅಂತ ನಮ್ಮ ಸಂಪಾದಕರು ಒಂದೇ ಮಾಡಿದ್ದಾರೆ ಮೇಡಂ. ಎಡಿಟಿಂಗ್ ಅಂದ್ರೆ ಅದೇ ಅಲ್ವಾ?"

ನಾನು ತಿದ್ದಿ ಕಳಿಸಿದ ಪ್ರೂಫ್ ಏನಾಯ್ತು ಅಂದೆ.

"ಅಷ್ಟು ಕೆಂಪು ನೋಡಿ ನಮ್ಮ ಹುಡುಗನಿಗೆ ಬೇಜಾರಾಯ್ತು ಮೇಡಂ."

ಬೇಜಾರಾಯ್ತಂತೆ. 58,000 ಕೊಟ್ಟವಳು ನಾನು, ಬೇಜಾರಾಗಿದ್ದು ಅವನಿಗೆ.

ಆಮೇಲೆ ಪುಸ್ತಕದ ಎರಡನೇ ಪುಟ ನೋಡಿದೆ. "ಹಕ್ಕುಗಳು: ಪ್ರಕಾಶಕರವು." ನಾಡಿನ ಆಸ್ತಿ ಅಂದಿದ್ದು ಇದಕ್ಕೆ! ನಾವು ಸಹಿ ಹಾಕಿದ ಕಾಗದದಲ್ಲಿ ಹಕ್ಕಿನ ಮಾತೇ ಇಲ್ಲ, ಮತ್ತೆ ತೆಗೆದು ಸಾಲುಸಾಲು ಓದಿದೆ. ವಕೀಲರು ಹೇಳಿದ್ದು ಇಷ್ಟು: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಮೊದಲ ಒಡೆಯರು. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಅದು ಬರಹದಲ್ಲಿರಬೇಕು, ಬರೆದವರ ಸಹಿ ಇರಬೇಕು. ಹಾಗೆ ಬರೆದುಕೊಟ್ಟರೂ ಎಷ್ಟು ವರ್ಷಕ್ಕೆ ಅಂತ ಇಲ್ಲದಿದ್ದರೆ ಐದು ವರ್ಷಕ್ಕೆ ಅಂತ ಲೆಕ್ಕ. ಅವರು ಅಚ್ಚು ಹಾಕಿಕೊಂಡ ಮಾತ್ರಕ್ಕೆ ಅವರದ್ದಾಗಲ್ಲ. ಆದರೆ ಇದನ್ನು ಕೇಳಿದಾಗ ಬಂದ ಉತ್ತರ, "ಎಲ್ಲಾ ಪುಸ್ತಕದಲ್ಲೂ ಆ ಪುಟ ಹಾಗೇ ಇರುತ್ತೆ ಮೇಡಂ, ಯಾರೂ ಓದಲ್ಲ."

ಐಎಸ್‌ಬಿಎನ್ ಕಥೆ ಇನ್ನೊಂದು. ನಮ್ಮ ದೇಶದಲ್ಲಿ ಇದನ್ನು ಕೊಡೋದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ಏಜೆನ್ಸಿ, ಅದಕ್ಕೆ ಶುಲ್ಕವೇ ಇಲ್ಲ. ಉಚಿತ! ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಉಚಿತವಾದದ್ದಕ್ಕೆ 6,500. ಹೋಗಲಿ, ಸಂಖ್ಯೆಯಾದರೂ ಸರಿಯಿದೆಯಾ ಅಂದರೆ ಅದೂ ಇಲ್ಲ. ನನ್ನ ಮಗಳು ಲೆಕ್ಕ ಹಾಕಿ ತೋರಿಸಿದಳು. 13 ಅಂಕಿಗಳನ್ನು ಎಡದಿಂದ ಸರದಿಯಲ್ಲಿ 1, 3, 1, 3 ಅಂತ ಗುಣಿಸಿ ಎಲ್ಲ ಕೂಡಿದರೆ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು. ನನ್ನ ಪುಸ್ತಕದ್ದು ಆಗಲ್ಲ. ಸುಮ್ಮನೆ ಕೈಗೆ ಬಂದ ಅಂಕಿ ಹಾಕಿ, ಮೇಲೆ ಬಾರ್‌ಕೋಡಿನ ಹಾಗೆ ಗೆರೆ ಎಳೆದಿದ್ದಾರೆ. "ಬಾರ್‌ಕೋಡ್ ಸ್ಕ್ಯಾನ್ ಮಾಡೋಕೆ ನಿಮ್ಮದೇನು ಸೂಪರ್ ಮಾರ್ಕೆಟ್ಟಾ ಮೇಡಂ?" ಇದು ಅವರ ಉತ್ತರ. ಅಕ್ಷರಶಃ ಇದೇ.

ಇನ್ನು ಪ್ರತಿಗಳು. ನನಗೆ ಕೊಟ್ಟಿದ್ದು 100, ಉಳಿದ 400 "ಗೋಡೌನ್‌ನಲ್ಲಿವೆ, ಲೈಬ್ರರಿಗೆ ಬೇಕಲ್ಲ." ಪುಸ್ತಕದಲ್ಲೂ "ಪ್ರತಿಗಳು: 500" ಅಂತಲೇ ಅಚ್ಚಾಗಿದೆ. ಅದೇ ಪುಟದ ಕೊನೆಯಲ್ಲಿ ಮುದ್ರಣಾಲಯದ ನಂಬರ್ ಇತ್ತು, ಬೆಂಗಳೂರಿನದು. ನನಗೊಂದಿಷ್ಟು ಹೆಚ್ಚು ಪ್ರತಿ ಬೇಕು ಅಂತ ಫೋನ್ ಮಾಡಿದೆ. ಪಾಪ, ಆ ಯಜಮಾನರು ರಿಜಿಸ್ಟರ್ ನೋಡಿ ಹೇಳಿದರು: "ನಾವು ಹಾಕಿದ್ದೇ 120 ಅಲ್ವಾಮ್ಮಾ, ಡಿಜಿಟಲ್ ಪ್ರಿಂಟು. ಅದರದ್ದೂ ದುಡ್ಡು ಪೂರ್ತಿ ಬಂದಿಲ್ಲ, ನಿಮಗೆ ಪರಿಚಯ ಇದ್ದರೆ ಸ್ವಲ್ಪ ಹೇಳಿ." ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾನು ದುಡ್ಡು ಕೇಳೋಕೆ ಹೊರಟವಳು, ಅವರ ಬಾಕಿಯನ್ನೂ ವಸೂಲಿ ಮಾಡಿಕೊಡಬೇಕಂತೆ.

ಗೋಡೌನ್ ಎಲ್ಲಿದೆ, ಬಂದು ನೋಡ್ತೀನಿ ಅಂದಿದ್ದಕ್ಕೆ ಎರಡು ವಾರ ಉತ್ತರವೇ ಇಲ್ಲ. ಆಮೇಲೆ ಒಂದು ಉದ್ದನೆಯ ಮೆಸೇಜ್. "ನೀವು ಸಾಹಿತ್ಯವನ್ನು ವ್ಯಾಪಾರದ ಕಣ್ಣಿನಿಂದ ನೋಡುತ್ತಿದ್ದೀರಿ. ನಾವು ಕನ್ನಡದ ಸೇವೆಗೆ ನಿಂತವರು. ದೂರದ ಓಟ ಓಡಿದವರಿಗೆ ತಾಳ್ಮೆ ಇರುತ್ತೆ ಅಂದುಕೊಂಡಿದ್ದೆವು." ಇದನ್ನು ಓದಿದಾಗ ಬಂದ ಸಿಟ್ಟು ಆ 11:20ಕ್ಕೂ ಬಂದಿರಲಿಲ್ಲ. ನನ್ನ ಓಟವನ್ನೇ ತೆಗೆದು ನನ್ನ ಬಾಯಿ ಮುಚ್ಚಿಸೋಕೆ!

ಹೇಳೋದು ಇಷ್ಟೇ. ಐಎಸ್‌ಬಿಎನ್‌ಗೆ ದುಡ್ಡು ಕೇಳಿದವರ ಹತ್ತಿರ ಮುಂದೆ ಮಾತೇ ಬೇಡ. ಸಗಟು ಖರೀದಿ ಗ್ಯಾರಂಟಿ ಅಂದವರ ಹತ್ತಿರವೂ ಬೇಡ. ಜಿಎಸ್‌ಟಿ ಅಂತ ಸೇರಿಸಿದ್ದರೆ ರಸೀದಿಯಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿ, ನನ್ನದರಲ್ಲಿ ಇಲ್ಲ. ದುಡ್ಡು ಹೋಗಿದ್ದು ಯಾರದ್ದೋ ಸ್ವಂತ ಖಾತೆಗೆ. ಅಚ್ಚಿಗೆ ಹೋಗೋ ಕೊನೆಯ ಪಿಡಿಎಫ್ ನೀವು ನೋಡಿ ಸಹಿ ಹಾಕದೆ ಮುದ್ರಣ ಆಗಕೂಡದು ಅಂತ ಕಾಗದದಲ್ಲೇ ಬರೆಸಿ. ಪ್ರೆಸ್ಸಿನವರ ಹತ್ತಿರ ನೇರ ಮಾತಾಡಿ, ನನಗೆ ಆ ಯಜಮಾನರು ಆಮೇಲೆ ಹೇಳಿದ ರೇಟು ಕೇಳಿ ಹೊಟ್ಟೆ ಉರಿದುಹೋಯ್ತು. ಚಿಕ್ಕ ವಯಸ್ಸಿನವರಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ಅರ್ಜಿ ಹಾಕಿ. ನನಗೆ ಆ ವಯಸ್ಸು ದಾಟಿದೆ.

ಈಗಾಗಲೇ ಸಿಕ್ಕಿಬಿದ್ದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನನ್ನ ದೂರು ದಾಖಲಾಗಿದೆ.

ಸರ್‌ಗೆ ಕೊಟ್ಟ ಪ್ರತಿಯಲ್ಲಿ ನಾನೇ ಹೋಗಿ ಪೆನ್ನಿನಲ್ಲಿ ತಿದ್ದಿ ಬಂದೆ. ಬೇರೆಯವರ ಮನೆಗೆಲ್ಲ ಹೋಗೋಕಾಗುತ್ತಾ?

ಮೊನ್ನೆ ಅದೇ ನಂಬರಿಂದ ಮೆಸೇಜ್ ಬಂದಿದೆ: "ನಿಮ್ಮ ಕೃತಿಗೆ ಭಾರಿ ಬೇಡಿಕೆ ಇದೆ ಮೇಡಂ, ಎರಡನೇ ಮುದ್ರಣಕ್ಕೆ ಲೇಖಕರಿಗೆ ವಿಶೇಷ ರಿಯಾಯಿತಿ, ಈ ತಿಂಗಳು ಮಾತ್ರ." ನಂಬರ್ ಬ್ಲಾಕ್ ಮಾಡಿಲ್ಲ. ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದ್ದೇನೆ, ಅವರು ಇನ್ನೂ ನಾಲ್ಕು ಮಾತು ಆಡಿಸಿ ಅಂದಿದ್ದಾರೆ. ಆಡಿಸ್ತಾ ಇದ್ದೀನಿ.