ಕ್ಯಾಮೆರಾ ಯಾರ ಕೈಯಲ್ಲಿದೆ? ನಾಲ್ಕು ಫೌಂಡ್ ಫೂಟೇಜ್ ಸಿನಿಮಾಗಳ ಹೋಲಿಕೆ

ನನ್ನ ಕೆಲಸ ಮದುವೆ ವಿಡಿಯೋ ಎಡಿಟಿಂಗ್. ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಆಗ ಜನರ ಮನೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಯಾರೋ ಎಂದೋ ತೆಗೆದ ವಿಡಿಯೋವನ್ನು ಗಂಟೆಗಟ್ಟಲೆ ನೋಡುವುದು ನನಗೆ ಅಭ್ಯಾಸವಾಗಿದೆ. ಫೌಂಡ್ ಫೂಟೇಜ್ ಸಿನಿಮಾಗಳು ನನಗೆ ಇಷ್ಟವಾಗುವುದೂ ಅದಕ್ಕೇ. ಪಾತ್ರಗಳೇ ತೆಗೆದ ವಿಡಿಯೋ ಆಮೇಲೆ ಯಾರಿಗೋ ಸಿಕ್ಕಿತು ಅನ್ನುವಂತೆ ಇವನ್ನು ಮಾಡಿರುತ್ತಾರೆ. ಎಲ್ಲೋ ಸಿಕ್ಕಿದ ಟೇಪು, ಅದರೊಳಗೊಂದು ಗುಟ್ಟು.

ಈ ಸಲದ ಆಷಾಢದಲ್ಲಿ ಇಂಥ ನಾಲ್ಕು ಸಿನಿಮಾಗಳನ್ನು ನಾಲ್ಕು ರಾತ್ರಿ ನೋಡಿದೆ. ಎರಡು ಅಮೆರಿಕದ ಚಂದ್ರಯಾನದ ಸಂಚಿನ ಕಥೆಗಳು, ಎರಡು ಕಾಲಪ್ರಯಾಣದವು. ನಾಲ್ಕಕ್ಕೂ ಒಂದೇ ಪರೀಕ್ಷೆ ಇಟ್ಟುಕೊಂಡೆ. ಕ್ಯಾಮೆರಾ ಯಾರ ಕೈಯಲ್ಲಿದೆ? ಅವರು ಅದನ್ನು ಯಾಕೆ ಕೆಳಗಿಡುತ್ತಿಲ್ಲ? ಈ ಟೇಪು ನಮ್ಮವರೆಗೆ ಹೇಗೆ ಬಂತು? ಜೊತೆಗೆ, ಪ್ರತಿ ಸಿನಿಮಾದಲ್ಲೂ ಐದು ನಿಮಿಷ ಕಣ್ಣು ಮುಚ್ಚಿ ಶಬ್ದವನ್ನಷ್ಟೇ ಕೇಳಿದೆ. ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಮಾತು ಹೇಗೆ ಕೇಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಓಲಗ ಊದಿದರೆ ಪುರೋಹಿತರ ಮಂತ್ರ ಮುಳುಗಿಹೋಗುತ್ತದೆ. ಹತ್ತಿರ ನಿಂತವರ ಪಿಸುಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಮೊದಲ ರಾತ್ರಿ 2011ರ 'ಅಪೊಲೊ 18'. ಖರ್ಚು ಸುಮಾರು 50 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ತೀರಾ ಕಡಿಮೆ. ಚಂದ್ರನ ಮೇಲೆ ಮನುಷ್ಯ ಕೊನೆಯ ಸಲ ಇಳಿದದ್ದು 1972ರ ಡಿಸೆಂಬರಿನಲ್ಲಿ, ಅಪೊಲೊ 17ರಲ್ಲಿ. ಮುಂದಿನ ಯಾನಗಳನ್ನು ನಾಸಾ ಅದಕ್ಕೂ ಮೊದಲೇ ರದ್ದು ಮಾಡಿತ್ತು. ರದ್ದಾದ ಒಂದು ಯಾನ ಗುಟ್ಟಾಗಿ ನಡೆದಿತ್ತು ಅನ್ನುವುದು ಈ ಸಿನಿಮಾದ ಕಥೆ. ಒಳ್ಳೆಯ ಎಳೆ. ಆದರೆ ಯಾನಿಗಳೇ ವಾಪಸ್ ಬರದಿದ್ದರೆ ಈ ರೀಲುಗಳನ್ನು ಭೂಮಿಗೆ ತಂದವರು ಯಾರು? ಸಿನಿಮಾದಲ್ಲಿ ಇದಕ್ಕೆ ಸರಿಯಾದ ಉತ್ತರ ಇಲ್ಲ. ಆ ಪ್ರಶ್ನೆ ಒಮ್ಮೆ ತಲೆಗೆ ಬಂದಮೇಲೆ ನನಗೆ ಮುಂದಿನದೇನೂ ಹಿಡಿಸಲಿಲ್ಲ.

ಎರಡನೆಯದು 2015ರ 'ಪ್ರಾಜೆಕ್ಟ್ ಅಲ್ಮನಾಕ್'. ನಿರ್ದೇಶಕ ಡೀನ್ ಇಸ್ರಲೈಟ್, ನಿರ್ಮಾಪಕರಲ್ಲಿ ಮೈಕಲ್ ಬೇ ಒಬ್ಬರು. ಖರ್ಚು ಸುಮಾರು 1.2 ಕೋಟಿ ಡಾಲರ್. ಹದಿನೇಳರ ಹುಡುಗನೊಬ್ಬ ಅಟ್ಟದಲ್ಲಿ ಅಪ್ಪನ ಹಳೆಯ ಕ್ಯಾಮೆರಾ ಹುಡುಕಿ ತೆಗೆಯುತ್ತಾನೆ. ಅದರಲ್ಲಿ ಅವನ ಏಳನೇ ಹುಟ್ಟುಹಬ್ಬದ ವಿಡಿಯೋ ಇರುತ್ತದೆ. ಅದರಲ್ಲಿನ ಕನ್ನಡಿಯಲ್ಲಿ ಒಂದು ಕ್ಷಣ ಒಬ್ಬ ಹಾದುಹೋಗುತ್ತಾನೆ. ನಿಲ್ಲಿಸಿ ನೋಡಿದರೆ ಅವನು ಬೇರೆ ಯಾರೂ ಅಲ್ಲ, ಇವನೇ. ಹತ್ತು ವರ್ಷದ ಹಿಂದಿನ ಟೇಪಿನಲ್ಲಿ ಇವತ್ತಿನ ತಾನು!

ಈ ದೃಶ್ಯ ನೋಡಿ ನನಗೆ ಮೈ ಜುಮ್ಮೆಂದಿತು. ಕ್ಯಾಸೆಟ್ ಇಳಿಸುವಾಗ ನಾನೂ ಎಷ್ಟೋ ಸಲ ಹೀಗೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಮಾಡುತ್ತಾ, ಮೂಲೆಯಲ್ಲಿ ನಿಂತವರು ಯಾರು ಅಂತ ಹುಡುಕಿದ್ದೇನೆ. ನೆಲಮಾಳಿಗೆಯಲ್ಲಿ ಯಂತ್ರ ಕಟ್ಟುವ ಭಾಗವೂ ಚೆನ್ನಾಗಿದೆ. ಹುಡುಗನ ತಂಗಿ ಕ್ಯಾಮೆರಾ ಹಿಡಿದಿರುತ್ತಾಳೆ, ಅಲ್ಲಿಯವರೆಗೆ ಎಲ್ಲ ಒಪ್ಪುತ್ತದೆ. ಆಮೇಲೆ ಹುಡುಗ ಹುಡುಗಿ ಮನಸ್ಸು ಬಿಚ್ಚಿ ಮಾತಾಡುವಾಗಲೂ ಕ್ಯಾಮೆರಾ ಎದುರಿಗೇ ಇರುತ್ತದೆ. ಅಂಥ ಹೊತ್ತಿನಲ್ಲಿ ಯಾರು ಚಿತ್ರೀಕರಿಸುತ್ತಾರೆ? ಕಣ್ಣು ಮುಚ್ಚಿ ಕೇಳಿದಾಗಲಂತೂ ಇದು ಪೂರ್ತಿ ಸೋತಿತು. ಎಲ್ಲರ ಮಾತೂ ಸ್ಟುಡಿಯೋದಲ್ಲಿ ಕೂತು ಆಡಿದಷ್ಟು ನಿಚ್ಚಳ.

ಮೂರನೇ ರಾತ್ರಿಯ 'ಆಪರೇಷನ್ ಅವಲಾಂಚ್' ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಕೆನಡಾದ ಮ್ಯಾಟ್ ಜಾನ್ಸನ್ 2016ರಲ್ಲಿ ಮಾಡಿದ ಸಿನಿಮಾ. ಅವರೇ ನಾಯಕ, ಪಾತ್ರಕ್ಕೂ ಅವರದೇ ಹೆಸರು. ಕಥೆ ನಡೆಯುವುದು 1967ರಲ್ಲಿ. ನಾಸಾದೊಳಗೆ ರಷ್ಯಾದ ಗೂಢಚಾರ ಇದ್ದಾನೆಂಬ ಗುಮಾನಿಯಿಂದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹುಡುಗರು ಡಾಕ್ಯುಮೆಂಟರಿ ತಂಡದ ವೇಷದಲ್ಲಿ ಒಳಗೆ ಸೇರುತ್ತಾರೆ. ಚಂದ್ರನ ಮೇಲೆ ಇಳಿಯಲು ಸದ್ಯಕ್ಕೆ ಸಾಧ್ಯವಿಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಹಾಗಾದರೆ ನಾವೇ ಶೂಟ್ ಮಾಡೋಣ ಅಂತ ಹೊರಡುತ್ತಾರೆ. ಚಿತ್ರತಂಡ ನಿಜವಾಗಿಯೂ ವಿದ್ಯಾರ್ಥಿಗಳ ಡಾಕ್ಯುಮೆಂಟರಿ ಅಂತ ಹೇಳಿಕೊಂಡು ನಾಸಾದೊಳಗೆ ಹೋಗಿ ಶೂಟಿಂಗ್ ಮಾಡಿತ್ತು. ಅಂದರೆ ಪಾತ್ರಗಳು ಮಾಡಿದ್ದನ್ನೇ ಅವರೂ ಮಾಡಿದರು. ಕ್ಯಾಮೆರಾ ಯಾಕಿದೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನಾನು ನೋಡಿಲ್ಲ.

ನನ್ನನ್ನು ಕಟ್ಟಿಹಾಕಿದ್ದು ಅದರಲ್ಲಿ ಬರುವ ಫ್ರಂಟ್ ಪ್ರೊಜೆಕ್ಷನ್, ಅಂದರೆ ಸ್ಟುಡಿಯೋದೊಳಗೇ ನಟನ ಹಿಂದೆ ಬೇರೆ ಜಾಗ ಕಾಣುವಂತೆ ಮಾಡುವ ವಿಧಾನ. ಸ್ಟ್ಯಾನ್ಲಿ ಕುಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ' ತೆಗೆಯುವಾಗ ಬಳಸಿದ ತಂತ್ರ ಅದು. ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು. ಅದು ಅರ್ಧ ಬೆಳಕನ್ನು ದಾಟಲು ಬಿಟ್ಟು ಇನ್ನರ್ಧವನ್ನು ಕನ್ನಡಿಯಂತೆ ತಿರುಗಿಸುತ್ತದೆ. ಪಕ್ಕದ ಪ್ರೊಜೆಕ್ಟರಿನ ಚಿತ್ರ ಆ ಗಾಜಿಗೆ ಬಡಿದು ಹಿಂದಿನ ಪರದೆಗೆ ಹೋಗುತ್ತದೆ. ಹೆದ್ದಾರಿ ಬೋರ್ಡುಗಳು ರಾತ್ರಿ ಗಾಡಿ ಲೈಟಿಗೆ ಹೊಳೆಯುತ್ತವಲ್ಲ, ಪರದೆಯ ಮೇಲೂ ಅಂಥವೇ ಸಣ್ಣ ಗಾಜಿನ ಮಣಿಗಳು. ಬಂದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ನಟನ ನೆರಳು ಸರಿಯಾಗಿ ಅವನ ಬೆನ್ನ ಹಿಂದೆಯೇ ಬೀಳುವುದರಿಂದ ಕ್ಯಾಮೆರಾಗೆ ಕಾಣುವುದಿಲ್ಲ. ಇಂದು ನಟನ ಹಿಂದೆ ಕಟ್ಟುವ ಹಸಿರು ಪರದೆ, ಗ್ರೀನ್ ಮ್ಯಾಟ್, ಮಾಡುವ ಕೆಲಸವನ್ನು ಅಂದು ಒಂದು ಗಾಜು ಮಾಡುತ್ತಿತ್ತು. ಈ ಜಾಗ ಮೂರು ಸಲ ನೋಡಿದೆ.

ಇದನ್ನು ನೋಡಿ ಯಾರಾದರೂ ಮನುಷ್ಯ ಚಂದ್ರನ ಮೇಲೆ ಇಳಿದದ್ದೇ ಸುಳ್ಳು ಅಂದುಕೊಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಮನುಷ್ಯನನ್ನು ಮೊದಲ ಸಲ ಚಂದ್ರನಿಗೆ ಇಳಿಸಿದ ಅಪೊಲೊ 11 ಇಳಿದ ಜಾಗದ ಚಿತ್ರವನ್ನು ನಮ್ಮ ಚಂದ್ರಯಾನ-2ರ ಆರ್ಬಿಟರ್ ಕೂಡ ತೆಗೆದಿದೆ. ನಿಜವಾಗಿ ಕಳೆದುಹೋಗಿದ್ದು ಬೇರೆ. ಆ ಯಾನದಲ್ಲಿ ಚಂದ್ರನಿಂದ ಸೆಕೆಂಡಿಗೆ ಬರೀ 10 ಫ್ರೇಮಿನಂತೆ ಬಂದ ಚಿತ್ರವನ್ನು ಟಿವಿಗೆ ಹೊಂದುವಂತೆ ಬದಲಾಯಿಸಿ ಪ್ರಸಾರ ಮಾಡಿದರು. ಮೂಲ ಚಿತ್ರ ಟೇಪುಗಳಲ್ಲಿ ಇತ್ತು. ಆ ಟೇಪುಗಳನ್ನು ಅಳಿಸಿ ಮತ್ತೆ ಬಳಸಿರಬೇಕು ಅಂತ 2009ರಲ್ಲಿ ನಾಸಾವೇ ಒಪ್ಪಿಕೊಂಡಿತು. ನಮ್ಮ ಮನೆಗಳಲ್ಲಿ ನಾಮಕರಣದ ಕ್ಯಾಸೆಟ್ ಮೇಲೆ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡಿಬಿಡುತ್ತಿದ್ದರಲ್ಲ, ಹಾಗೆಯೇ.

ಕೊನೆಯದು 'ಲೋಲಾ', 2022ರದು. ಐರ್ಲೆಂಡಿನ ಆಂಡ್ರ್ಯೂ ಲೆಗ್ ಮಾಡಿದ ಕಪ್ಪು ಬಿಳುಪು ಸಿನಿಮಾ, ಬರೀ 79 ನಿಮಿಷ. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಇಬ್ಬರು ಅಕ್ಕತಂಗಿಯರು, ಥಾಮ್ ಮತ್ತು ಮಾರ್ಸ್, ಮುಂದಿನ ಕಾಲದ ರೇಡಿಯೋ, ಟಿವಿ ಪ್ರಸಾರ ಹಿಡಿಯುವ ಯಂತ್ರ ಕಟ್ಟುತ್ತಾರೆ. ಅದಕ್ಕೆ ತೀರಿಹೋದ ಅಮ್ಮನ ಹೆಸರಿಡುತ್ತಾರೆ. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಹುಟ್ಟುವ ಮೊದಲೇ ಅವನ ಹಾಡು ಕೇಳಿ ಕುಣಿಯುತ್ತಾರೆ. ಬಾಂಬ್ ಎಲ್ಲಿ ಬೀಳುತ್ತದೆ ಅಂತ ಮೊದಲೇ ತಿಳಿದು ಜನರನ್ನು ಎಚ್ಚರಿಸುತ್ತಾರೆ. ಆದರೆ ಯುದ್ಧಕ್ಕೆ ಕೈ ಹಾಕಿದಂತೆಲ್ಲ ಮುಂದಿನದು ಬದಲಾಗುತ್ತದೆ. ಒಂದು ದಿನ ಯಂತ್ರದಲ್ಲಿ ಬೋವಿಯೇ ಇರುವುದಿಲ್ಲ. ಅವನ ಜಾಗದಲ್ಲಿ ಬೇರೊಬ್ಬ ಬೇರೆ ಥರದ ಹಾಡು ಹಾಡುತ್ತಿರುತ್ತಾನೆ. ಆ ಸುಳ್ಳು ಹಾಡುಗಳನ್ನು ನಿಜವಾಗಿ ಬರೆದವರು ಸಂಗೀತಗಾರ ನೀಲ್ ಹ್ಯಾನನ್. ಇಷ್ಟವಾದ ಒಂದು ಹಾಡು ಇಡೀ ಲೋಕದಿಂದ ಅಳಿಸಿಹೋಗಿದೆ, ನೆನಪಿರುವುದು ಇವರಿಬ್ಬರಿಗೆ ಮಾತ್ರ. ಕಾಲಪ್ರಯಾಣದಿಂದ ಆಗುವ ನಷ್ಟವನ್ನು ಇಷ್ಟು ಹತ್ತಿರದಿಂದ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನು ಕೀ ಕೊಟ್ಟು ಓಡಿಸುವ ಬೋಲೆಕ್ಸ್ ಕ್ಯಾಮೆರಾದಲ್ಲಿ, 16 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದಾರೆ. ಬೋಲೆಕ್ಸ್ ಒಂದು ಕೀಗೆ ಸುಮಾರು 28 ಸೆಕೆಂಡ್ ಓಡುತ್ತದೆ. 100 ಅಡಿ ರೀಲು ಮೂರು ನಿಮಿಷವೂ ಬರುವುದಿಲ್ಲ. ಹಾಗಾಗಿ ಸುಮ್ನೆ ಓಡುತ್ತಾ ಇರುವ ಕ್ಯಾಮೆರಾ ಇದರಲ್ಲಿಲ್ಲ. ಒಬ್ಬಳು ಇನ್ನೊಬ್ಬಳನ್ನು ಪ್ರೀತಿಯಿಂದ, ಆರಿಸಿ ತೆಗೆದದ್ದು ಅನ್ನಿಸುತ್ತದೆ. ಯಾಕೆ ಕೂಡಿಸಿಟ್ಟಳು ಅನ್ನುವುದಕ್ಕೂ ಕಥೆಯೊಳಗೇ ಉತ್ತರ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ನೋಡುವುದಾದರೆ ಮೊದಲು 'ಅವಲಾಂಚ್' ನೋಡಿ, ಮಾರನೇ ದಿನ 'ಲೋಲಾ'. ಮಕ್ಕಳ ಜೊತೆ ಕೂತು ನೋಡಲು 'ಅಲ್ಮನಾಕ್' ಪರವಾಗಿಲ್ಲ. 'ಅಪೊಲೊ 18' ಬಿಟ್ಟರೂ ನಡೆಯುತ್ತದೆ. 'ಲೋಲಾ'ಗೆ ಮಾತ್ರ ಹೆಡ್‌ಫೋನ್ ಹಾಕಿಕೊಳ್ಳಿ. ಅದಕ್ಕೂ ಮೊದಲು ಬೋವಿಯ 'ಸ್ಪೇಸ್ ಆಡಿಟಿ' ಒಮ್ಮೆ ಪೂರ್ತಿ ಕೇಳಿ. ಅದು ಕಿವಿಯಲ್ಲಿದ್ದರೆ, ಇಲ್ಲವಾದಾಗ ಗೊತ್ತಾಗುತ್ತದೆ.